ವಿದೇಶಿ ವಿಶ್ವವಿದ್ಯಾಲಯವು ಎರಡನೆಯ ಆಯ್ಕೆಯಾದಾಗ: ಗಡಿ ತಾಲ್ಲೂಕುಗಳ ಕನ್ನಡ ಮಾಧ್ಯಮ ಕುಟುಂಬಗಳು ತಿಳಿದಿರಬೇಕಾದದ್ದು

ದೌಲತಾಬಾದ್: ನೀಟ್ ಮತ್ತು ಎಪ್‌ಸೆಟ್ ಫಲಿತಾಂಶಗಳು ಹೊರಬಿದ್ದ ವಾರದಲ್ಲಿ ಜಹೀರಾಬಾದ್, ನಾರಾಯಣಖೇಡ, ತಾಂಡೂರು ಕಡೆಯ ಪೋಷಕರು ನಮ್ಮನ್ನು ಕೇಳುವ ಪ್ರಶ್ನೆ ಕೆಲವು ವರ್ಷಗಳಿಂದ ಬದಲಾಗಿದೆ. ಮೊದಲು "ಬೀದರಿನಲ್ಲಿ ಸೀಟು ಸಿಗಬಹುದೇ ಗುರುಗಳೇ?" ಎನ್ನುತ್ತಿದ್ದರು. ಈಗ "ಇಲ್ಲಿ ಆಗದಿದ್ದರೆ ಜಾರ್ಜಿಯಾಕ್ಕೋ ಕಿರ್ಗಿಸ್ತಾನಕ್ಕೋ ಕಳುಹಿಸಿಬಿಡೋಣವೇ?" ಎನ್ನುತ್ತಾರೆ. ಕನ್ನಡ ಶಾಲೆಯಲ್ಲಿ ಓದಿದ ಮಗು ಹೊರದೇಶದ ಕನಸು ಕಾಣುವುದು ನಮಗೆ ಹೆಮ್ಮೆಯ ಸಂಗತಿಯೇ. ಆದರೆ ಈ ಪ್ರಶ್ನೆ ಬಹುತೇಕ ಎರಡು ವರ್ಷ ತಡವಾಗಿ ಬರುತ್ತದೆ. ಹೊರದೇಶವನ್ನು ಎರಡನೆಯ ಆಯ್ಕೆಯಾಗಿ ಹುಡುಕಬೇಕಾದ ಸ್ಥಿತಿ ಹುಟ್ಟುವುದು ಹನ್ನೆರಡನೆಯ ತರಗತಿಯ ಫಲಿತಾಂಶದಲ್ಲಿ ಅಲ್ಲ, ಹತ್ತನೆಯ ತರಗತಿ ಮುಗಿದ ಮೇಲೆ ಮಗುವನ್ನು ಗಡಿಯ ಯಾವ ಬದಿಯ ಕಾಲೇಜಿಗೆ ಸೇರಿಸಿದೆವು ಎಂಬ ತೀರ್ಮಾನದಲ್ಲಿ. ಆದ್ದರಿಂದ ಈ ಲೇಖನವನ್ನು ಪಾಸ್‌ಪೋರ್ಟಿನಿಂದ ಆರಂಭಿಸದೆ ನಮ್ಮ ಗಡಿಯಿಂದಲೇ ಆರಂಭಿಸುತ್ತೇವೆ.

ಗಡಿ ಮತ್ತು 'ಸ್ಥಳೀಯ' ಎಂಬ ಪದ

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ತಾಂಡೂರು ಮತ್ತು ಕೊಡಂಗಲ್ ತಾಲ್ಲೂಕುಗಳು ಗುಲಬರ್ಗಾ ಜಿಲ್ಲೆಗೆ ಸೇರಿದ್ದವು. ನಾರಾಯಣಖೇಡ ತಾಲ್ಲೂಕು, ಜಹೀರಾಬಾದ್ ತಾಲ್ಲೂಕಿನ ಬಹುಭಾಗ ಮತ್ತು ನ್ಯಾಲ್ಕಲ್ ಸರ್ಕಲ್ ಬೀದರ್ ಜಿಲ್ಲೆಯಲ್ಲಿದ್ದವು. ನವೆಂಬರ್ 1ರಂದು ಗುಲಬರ್ಗಾ ಮತ್ತು ಬೀದರ್ ಮೈಸೂರು ರಾಜ್ಯಕ್ಕೆ ಹೋದವು, ಈ ಭಾಗಗಳು ಆಂಧ್ರಪ್ರದೇಶಕ್ಕೆ ಬಂದವು. ದೌಲತಾಬಾದ್ ಮಂಡಲವು 2016ರಲ್ಲಿ ಮಹಬೂಬನಗರದಿಂದ ವಿಕಾರಾಬಾದ್ ಜಿಲ್ಲೆಗೆ ಬದಲಾಯಿತು. ಮನೆಮಾತು ಮಾತ್ರ ಬದಲಾಗಲಿಲ್ಲ, ನೆಂಟಸ್ತಿಕೆಯೂ ಬದಲಾಗಲಿಲ್ಲ. ಸೊಸೆಯಂದಿರು ಇಂದಿಗೂ ಸೇಡಂ, ಚಿಂಚೋಳಿ, ಹುಮನಾಬಾದ್, ಬೀದರ್ ಕಡೆಯಿಂದ ಬರುತ್ತಾರೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಇದರಿಂದ ಪ್ರಯೋಜನವಿದೆ.

ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ ಮಗುವಿಗೆ ತೆಲಂಗಾಣದಲ್ಲಿ ಅದೇ ಮಾಧ್ಯಮದ ಇಂಟರ್ಮೀಡಿಯೆಟ್ ಹತ್ತಿರದಲ್ಲಿ ದೊರೆಯುವುದು ಕಷ್ಟ. ಸಹಜವಾಗಿಯೇ ಪೋಷಕರು ಬೀದರಿಗೋ ಕಲಬುರಗಿಗೋ ಪಿಯುಸಿಗೆಂದು ಕಳುಹಿಸುತ್ತಾರೆ. ಭಾಷೆಯ ದೃಷ್ಟಿಯಿಂದ ನಾವು ಇದನ್ನು ತಪ್ಪೆನ್ನಲಾರೆವು. ಆದರೆ ಪ್ರವೇಶ ನಿಯಮಗಳ ದೃಷ್ಟಿಯಿಂದ ಇದರ ಬೆಲೆ ದೊಡ್ಡದು. ತೆಲಂಗಾಣ ಸರ್ಕಾರವು 2024ರ ಜುಲೈನಲ್ಲಿ ಹೊರಡಿಸಿದ 33ನೆಯ ಸಂಖ್ಯೆಯ ಆದೇಶದ ಪ್ರಕಾರ, ವೈದ್ಯಕೀಯ ಮತ್ತು ದಂತವೈದ್ಯಕೀಯ ಪ್ರವೇಶದಲ್ಲಿ 'ಸ್ಥಳೀಯ ಅಭ್ಯರ್ಥಿ' ಎನಿಸಿಕೊಳ್ಳಲು ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ಸತತ ನಾಲ್ಕು ವರ್ಷ ತೆಲಂಗಾಣದಲ್ಲಿಯೇ ಓದಿ, ಅರ್ಹತಾ ಪರೀಕ್ಷೆಯನ್ನೂ ಇಲ್ಲಿಯೇ ಉತ್ತೀರ್ಣರಾಗಿರಬೇಕು. ಸರ್ಕಾರಿ ನೌಕರರ ಮಕ್ಕಳಂತಹ ಕೆಲವರಿಗೆ ವಿನಾಯಿತಿಯುಂಟು, ರೈತರ ಮತ್ತು ಕಲ್ಲುಗಣಿ ಕೂಲಿಕಾರರ ಮಕ್ಕಳಿಗಿಲ್ಲ. ಈ ನಿಯಮದ ವಿರುದ್ಧದ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2025ರ ಸೆಪ್ಟೆಂಬರ್ 1ರಂದು ನ್ಯಾಯಾಲಯವು ನಿಯಮವನ್ನು ಎತ್ತಿಹಿಡಿಯಿತು. ಎಂಜಿನಿಯರಿಂಗ್ ಪ್ರವೇಶದ ಸ್ಥಳೀಯತೆಯ ಲೆಕ್ಕ ಬೇರೆ. ಅದನ್ನು ಆಯಾ ವರ್ಷದ ಎಪ್‌ಸೆಟ್ ಕೈಪಿಡಿಯಲ್ಲಿಯೇ ಓದಿ ಖಚಿತಪಡಿಸಿಕೊಳ್ಳಬೇಕು.

ಇನ್ನು ಕರ್ನಾಟಕದ ಬದಿ. ಅಲ್ಲಿನ ಪರೀಕ್ಷಾ ಪ್ರಾಧಿಕಾರದ ಸಾಮಾನ್ಯ ಅರ್ಹತೆಯೆಂದರೆ ಒಂದರಿಂದ ಹನ್ನೆರಡನೆಯ ತರಗತಿಯೊಳಗೆ ಕನಿಷ್ಠ ಏಳು ವರ್ಷ ಕರ್ನಾಟಕದಲ್ಲಿ ಓದಿರಬೇಕು. ಹತ್ತು ವರ್ಷ ಇಲ್ಲಿ, ಎರಡು ವರ್ಷ ಬೀದರಿನಲ್ಲಿ ಓದಿದ ನಮ್ಮ ಮಗು ಈ ಲೆಕ್ಕದಲ್ಲಿ ನಿಲ್ಲುವುದಿಲ್ಲ. 'ಗಡಿನಾಡು ಕನ್ನಡಿಗ' ಎಂಬ ಪ್ರತ್ಯೇಕ ಅರ್ಹತೆ ಇದೆಯಲ್ಲ ಎಂದು ಅನೇಕರು ಕೇಳುತ್ತಾರೆ. ಅದು ಮಹಾಜನ ಆಯೋಗದ ಮುಂದೆ ಕರ್ನಾಟಕವು ಹಕ್ಕು ಮಂಡಿಸಿದ ಪ್ರದೇಶಗಳಿಗೆ ಸಂಬಂಧಿಸಿದ್ದು. ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ, ಕಾಸರಗೋಡು, ಹೊಸದುರ್ಗ, ಮಂಜೇಶ್ವರ ಆ ಪಟ್ಟಿಯಲ್ಲಿವೆ. ಜಹೀರಾಬಾದ್, ನಾರಾಯಣಖೇಡ, ತಾಂಡೂರುಗಳು ಅದರಲ್ಲಿಲ್ಲ. ಗಡಿಯಲ್ಲೇ ಬದುಕುವ ನಾವು ಆ ಕೈಪಿಡಿಯ ಪಾಲಿಗೆ ಗಡಿನಾಡಿನವರಲ್ಲ, ಹೊರನಾಡಿನವರು. 'ಹೊರನಾಡು ಕನ್ನಡಿಗ' ಅರ್ಹತೆಗೆ ಪ್ರಾಧಿಕಾರ ನಡೆಸುವ 50 ಅಂಕಗಳ ಕನ್ನಡ ಭಾಷಾ ಪರೀಕ್ಷೆ ಬರೆದು ಕನಿಷ್ಠ 12 ಅಂಕ ಪಡೆಯಬೇಕು. ಕನ್ನಡ ಮಾಧ್ಯಮದ ಮಗುವಿಗೆ ಇದು ನೀರು ಕುಡಿದಷ್ಟು ಸುಲಭ. ಆದರೆ ಈ ಅರ್ಹತೆಯಿಂದ ಯಾವ ಕೋರ್ಸಿನ, ಯಾವ ಬಗೆಯ ಸೀಟು ದೊರೆಯುತ್ತದೆ ಎಂಬುದನ್ನು ಆ ವರ್ಷದ ಕೈಪಿಡಿಯಲ್ಲಿ ನೋಡಿಯೇ ಅರ್ಜಿ ಹಾಕಬೇಕು. ಎಲ್ಲ ಸರ್ಕಾರಿ ಸೀಟುಗಳೂ ಇದರಿಂದ ತೆರೆದುಕೊಳ್ಳುತ್ತವೆಂದು ಭಾವಿಸಬೇಡಿ. ಸಂವಿಧಾನದ 371ಜೆ ವಿಧಿಯ ಮೀಸಲಾತಿಯೂ ಕರ್ನಾಟಕದೊಳಗಿನ ಕಲ್ಯಾಣ ಕರ್ನಾಟಕ ಜಿಲ್ಲೆಗಳಿಗೇ ಸೀಮಿತ. ಒಂದೇ ನಿಜಾಮನ ಸಂಸ್ಥಾನದಲ್ಲಿದ್ದು, ಒಂದೇ ಜಿಲ್ಲಾ ಕಚೇರಿಗೆ ಅಲೆದವರ ಮೊಮ್ಮಕ್ಕಳಲ್ಲಿ ಒಬ್ಬನಿಗೆ ಆ ರಕ್ಷಣೆ ಇದೆ, ಇನ್ನೊಬ್ಬನಿಗೆ ಇಲ್ಲ.

ಇಲ್ಲಿಯೇ ಒಂದು ಬಾಗಿಲಿದೆ, ನಮ್ಮ ಜನರಿಗೆ ಅದು ತಿಳಿದಿರುವುದು ಕಡಿಮೆ. ಅಭ್ಯರ್ಥಿಯು ಎರಡೂ ವರ್ಷದ ಪಿಯುಸಿಯನ್ನು ಕರ್ನಾಟಕದಲ್ಲಿ ಓದಿ ಉತ್ತೀರ್ಣನಾಗಿದ್ದು, ತಂದೆ ಅಥವಾ ತಾಯಿ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿದ್ದರೆ, ಆ ಮಗು ಕರ್ನಾಟಕದ ಪ್ರವೇಶಕ್ಕೆ ಅರ್ಹ. ನಮ್ಮ ಸೊಸೆಯಂದಿರು ಎಲ್ಲಿಂದ ಬಂದವರೆಂದು ಮೇಲೆ ಹೇಳಿದ್ದು ಇದಕ್ಕೇ. ತಾಯಿ ತನ್ನ ತವರೂರಿನ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದರೂ ಸಾಕು, ಆ ಶಾಲೆಯ ದಾಖಲೆ ಮಗುವಿನ ಪಾಲಿಗೆ ಆಸ್ತಿ. ಆದರೆ ದಾಖಲೆಯಲ್ಲಿ ಆಕೆಯ ಹೆಸರು ತವರಿನ ಅಡ್ಡಹೆಸರಿನೊಂದಿಗೆ ಇರುತ್ತದೆ, ಆಧಾರ್‌ನಲ್ಲಿ ಗಂಡನ ಮನೆಯದು. ಎರಡೂ ಒಬ್ಬರವೇ ಎಂದು ತೋರಿಸುವ ಕಾಗದಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಬೇಕು. ಶಾಲೆಯಲ್ಲಿ ವ್ಯಾಸಂಗ ಪ್ರಮಾಣಪತ್ರ ಕೇಳಲು ಅವ್ವನೇ ಖುದ್ದಾಗಿ ಹೋದರೆ ಕೆಲಸ ಬೇಗ ಆಗುತ್ತದೆ ಎಂಬುದು ನಮ್ಮ ಅನುಭವ. ಬೇಸಿಗೆಯಲ್ಲಿ ತವರಿಗೆ ಹೋದಾಗಲೇ ಈ ಕೆಲಸ ಮುಗಿಸಬಹುದು.

ಹೀಗೆ ಹತ್ತನೆಯ ತರಗತಿಯ ನಂತರ ಮೂರು ದಾರಿಗಳು. ಇಂಟರ್ಮೀಡಿಯೆಟ್ ಇಲ್ಲಿಯೇ ಓದಿದರೆ ತೆಲಂಗಾಣದ ಹಕ್ಕು ಉಳಿಯುತ್ತದೆ. ತಂದೆ ಅಥವಾ ತಾಯಿಯ ದಾಖಲೆ ಇಟ್ಟುಕೊಂಡು ಕರ್ನಾಟಕದಲ್ಲಿ ಪಿಯುಸಿ ಓದಿದರೆ ಅಲ್ಲಿನ ಹಕ್ಕು ದೊರೆಯುತ್ತದೆ. ದಾಖಲೆಯಿಲ್ಲದೆ ಹೋಗಿ ಓದಿದರೆ ಇಲ್ಲಿನದು ಹೋಗಿ, ಅಲ್ಲಿನದು ಬರದೆ, ಮಗು ಅತ್ತ ದರಿ ಇತ್ತ ಪುಲಿ ಎಂಬಂತಾಗುತ್ತದೆ. ವಿದೇಶಿ ಸೀಟಿನ ದಲ್ಲಾಳಿಗಳು ಹುಡುಕಿಕೊಂಡು ಬರುವುದು ಈ ಮೂರನೆಯ ಗುಂಪಿನ ಮನೆಗಳಿಗೇ.

ಹಣದ ಅಂತರವನ್ನು ಒಮ್ಮೆ ನೋಡಿ. ತೆಲಂಗಾಣದ ಖಾಸಗಿ ವೈದ್ಯಕೀಯ ಕಾಲೇಜಿನ ಕನ್ವೀನರ್ ಕೋಟಾದ ಸೀಟಿಗೆ ವರ್ಷಕ್ಕೆ 60 ಸಾವಿರ ರೂಪಾಯಿ ಬೋಧನಾ ಶುಲ್ಕ. ಸಂಗಾರೆಡ್ಡಿಯಲ್ಲಿ 2022ರಲ್ಲಿ, ವಿಕಾರಾಬಾದಿನಲ್ಲಿ 2023ರಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳು ಆರಂಭವಾದವು, ಅಲ್ಲಿ ಶುಲ್ಕ ಇನ್ನೂ ಕಡಿಮೆ. ಹೊರದೇಶದ ಅಗ್ಗದ ಎಂಬಿಬಿಎಸ್ ಎನ್ನುವುದಕ್ಕೂ ಒಟ್ಟು ಇಪ್ಪತ್ತರಿಂದ ನಲವತ್ತು ಲಕ್ಷ ಬೇಕು. ಸ್ಥಳೀಯ ಹಕ್ಕನ್ನು ಅರಿಯದೆ ಕಳೆದುಕೊಂಡ ಕುಟುಂಬ ತೆರುವ ಬೆಲೆ ಈ ವ್ಯತ್ಯಾಸವೇ.

ಹೊರದೇಶದ ವೈದ್ಯಕೀಯ ಶಿಕ್ಷಣ

ಈ ವಿಷಯದಲ್ಲಿ ಕನ್ನಡ ನಾಡು ಮರೆಯಲಾಗದ ಹೆಸರು ನವೀನ್ ಶೇಖರಪ್ಪ ಗ್ಯಾನಗೌಡರ್. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನ ಚಳಗೇರಿಯ ಹುಡುಗ. ಪಿಯುಸಿಯಲ್ಲಿ ಶೇಕಡ 97 ಅಂಕ ಪಡೆದರೂ ಇಲ್ಲಿ ಸರ್ಕಾರಿ ಸೀಟು ದೊರೆಯದೆ, ಖಾಸಗಿ ಸೀಟಿನ ಹಣ ಹೊಂದಿಸಲಾಗದೆ ಉಕ್ರೇನಿನ ಖಾರ್ಕಿವ್‌ಗೆ ಕಳುಹಿಸಿದೆವೆಂದು ತಂದೆ ಹೇಳಿದ್ದನ್ನು ಆಗ ಎಲ್ಲ ಪತ್ರಿಕೆಗಳೂ ವರದಿ ಮಾಡಿದ್ದವು. 2022ರ ಮಾರ್ಚ್ 1ರಂದು, ಊಟದ ಸಾಮಗ್ರಿಗೆಂದು ಹೊರಗೆ ಬಂದಿದ್ದಾಗ, ಅವರು ಷೆಲ್ ದಾಳಿಗೆ ಬಲಿಯಾದರು. ಮಾರ್ಚ್ 21ರಂದು ಪಾರ್ಥಿವ ಶರೀರ ಬೆಂಗಳೂರು ತಲುಪಿತು. ಕುಟುಂಬವು ಅದನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನ ಮಾಡಿತು. 'ಆಪರೇಷನ್ ಗಂಗಾ' ಮೂಲಕ ಸುಮಾರು 22,500 ಭಾರತೀಯರು ಮರಳಿದರು, ಅವರಲ್ಲಿ ಬಹುಪಾಲು ವಿದ್ಯಾರ್ಥಿಗಳು. ಹೊರಗೆ ಓದಲು ಹೋಗುವುದೇ ಅಪಾಯ ಎಂದು ಹೇಳಲು ನಾವು ಈ ಘಟನೆಯನ್ನು ನೆನೆಯುತ್ತಿಲ್ಲ. ಬುದ್ಧಿವಂತ ಹುಡುಗನೊಬ್ಬ ಅಷ್ಟು ದೂರ ಹೋದದ್ದು ಅದು ಮೊದಲ ಆಯ್ಕೆಯಾಗಿದ್ದರಿಂದ ಅಲ್ಲ ಎಂಬುದಕ್ಕಾಗಿ ನೆನೆಯುತ್ತಿದ್ದೇವೆ.

ನಿಯಮಗಳಿಗೆ ಬರೋಣ. ಹೊರದೇಶದಲ್ಲಿ ಎಂಬಿಬಿಎಸ್ ಓದಿ ಭಾರತದಲ್ಲಿ ವೈದ್ಯರಾಗಬೇಕಾದರೆ ನೀಟ್ ಅರ್ಹತೆ ಕಡ್ಡಾಯ. "ನೀಟ್ ಇಲ್ಲದೆಯೂ ಆಗುತ್ತದೆ" ಎನ್ನುವವರಿಗೆ ಅಲ್ಲಿಯೇ ಕೈಮುಗಿದು ಕಳುಹಿಸಿಬಿಡಿ. 2025ರಲ್ಲಿ ಸಾಮಾನ್ಯ ವರ್ಗಕ್ಕೆ ಅರ್ಹತಾ ಅಂಕ 144, ಹಿಂದುಳಿದ ಹಾಗೂ ಪರಿಶಿಷ್ಟ ವರ್ಗಗಳಿಗೆ 113 ಇತ್ತು. ಹೊರದೇಶದ ಪ್ರವೇಶಕ್ಕೆ ಆ ಫಲಿತಾಂಶ ಮೂರು ವರ್ಷ ಮಾನ್ಯ. ನಮ್ಮ ಮಕ್ಕಳಿಗೆ ಮುಖ್ಯವಾದ ಇನ್ನೊಂದು ಮಾತು: ನೀಟ್ ಪ್ರಶ್ನೆಪತ್ರಿಕೆ ಕನ್ನಡದಲ್ಲಿ ದೊರೆಯುತ್ತದೆ, ಆದರೆ ಕರ್ನಾಟಕದ ಪರೀಕ್ಷಾ ಕೇಂದ್ರಗಳಲ್ಲಿ ಮಾತ್ರ. ಕನ್ನಡದಲ್ಲಿ ಬರೆಯಬೇಕೆಂಬ ಮಗು ಅರ್ಜಿಯಲ್ಲಿ ಬೀದರ್ ಅಥವಾ ಕಲಬುರಗಿಯಂತಹ ನಗರವನ್ನು ಆರಿಸಿಕೊಳ್ಳಬೇಕು. ಸಂಗಾರೆಡ್ಡಿಯನ್ನೋ ಹೈದರಾಬಾದನ್ನೋ ಆರಿಸಿದರೆ ಆ ಅವಕಾಶವಿಲ್ಲ.

ರಾಷ್ಟ್ರೀಯ ವೈದ್ಯಕೀಯ ಆಯೋಗವು 2021ರ ನವೆಂಬರಿನಲ್ಲಿ ಪ್ರಕಟಿಸಿದ ನಿಯಮಾವಳಿಯ ಪ್ರಕಾರ ಕೋರ್ಸು ಕನಿಷ್ಠ 54 ತಿಂಗಳಿನದಾಗಿರಬೇಕು, ಇಂಗ್ಲಿಷ್ ಮಾಧ್ಯಮದಲ್ಲಿರಬೇಕು, ಅದೇ ಸಂಸ್ಥೆಯಲ್ಲಿ 12 ತಿಂಗಳ ಇಂಟರ್ನ್‌ಷಿಪ್ ಮುಗಿಸಿರಬೇಕು. ಆ ಪದವಿಯಿಂದ ಆ ದೇಶದಲ್ಲಿ ಅಲ್ಲಿನ ಪ್ರಜೆಗಳಂತೆಯೇ ವೈದ್ಯವೃತ್ತಿಗೆ ನೋಂದಣಿ ದೊರೆಯುವಂತಿರಬೇಕು. ಮರಳಿದ ಮೇಲೆ ಅರ್ಹತಾ ಪರೀಕ್ಷೆ ಉತ್ತೀರ್ಣರಾಗಿ ಭಾರತದಲ್ಲಿ ಮತ್ತೆ 12 ತಿಂಗಳ ಇಂಟರ್ನ್‌ಷಿಪ್ ಮಾಡಬೇಕು. ಸೇರಿದ ದಿನದಿಂದ ಹತ್ತು ವರ್ಷದೊಳಗೆ ಕೋರ್ಸು ಮುಗಿಯಬೇಕು. ಅರ್ಹತಾ ಪರೀಕ್ಷೆಗೆ ಈಗ ಎಫ್‌ಎಂಜಿಇ ಎಂದು ಹೆಸರು. 300 ಅಂಕಗಳಲ್ಲಿ 150 ಬೇಕು, ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ. ಇತ್ತೀಚಿನ ಪರೀಕ್ಷೆಗಳಲ್ಲಿ ಹಾಜರಾದವರಲ್ಲಿ ಸುಮಾರು ಐದರಲ್ಲಿ ಒಬ್ಬರಿಂದ ಹತ್ತರಲ್ಲಿ ಮೂವರವರೆಗೆ ಉತ್ತೀರ್ಣರಾಗಿದ್ದಾರೆ. ಕರಪತ್ರಗಳಲ್ಲಿ ಕಟ್ಟಡದ ಚಿತ್ರವಿರುತ್ತದೆ, ಈ ಪ್ರಮಾಣವಿರುವುದಿಲ್ಲ.

ಕೆಲ ವರ್ಷಗಳ ಹಿಂದೆ ನಮ್ಮ ಶಾಲೆಯಲ್ಲಿ ಓದಿದ್ದ ಹುಡುಗನ ತಂದೆ, ತೊಗರಿ ಮಾರಿದ ಹಣದಲ್ಲಿ ಏಜೆನ್ಸಿಯೊಂದಕ್ಕೆ ಮುಂಗಡ ಕೊಟ್ಟ ಮೇಲೆ ಪ್ರವೇಶಪತ್ರ ಹಿಡಿದು ನಮ್ಮಲ್ಲಿಗೆ ಬಂದಿದ್ದರು. "ಇದರಲ್ಲಿ ಏನಿದೆ ನೋಡಿ ಸರ್" ಎಂದರು. ಓದಿದಾಗ ಅದು ವೈದ್ಯಕೀಯ ಕೋರ್ಸಿನ ಪ್ರವೇಶವೇ ಆಗಿರಲಿಲ್ಲ, ಒಂದು ವರ್ಷದ ಭಾಷಾ ಪೂರ್ವಸಿದ್ಧತಾ ತರಗತಿಯದು. ಮುಂದಿನ ಕೋರ್ಸು ಆ ದೇಶದ ಭಾಷೆಯಲ್ಲಿ. ಅಂದರೆ ಆಯೋಗದ ಇಂಗ್ಲಿಷ್ ಮಾಧ್ಯಮದ ಷರತ್ತಿಗೆ ನಿಲ್ಲದು. ಮುಂಗಡ ಮರಳಲಿಲ್ಲ. ನಾವು ಮೊದಲೇ ಪತ್ರ ಓದಿಕೊಡಲು ಸಿಕ್ಕಿರಲಿಲ್ಲವಲ್ಲ ಎಂಬ ನೋವು ನಮಗಿಂದಿಗೂ ಇದೆ. ಹಣ ಕಟ್ಟುವ ಮೊದಲು ಪ್ರವೇಶಪತ್ರವನ್ನು ಇಂಗ್ಲಿಷ್ ಬಲ್ಲ, ಏಜೆನ್ಸಿಗೆ ಸಂಬಂಧಪಡದ ಒಬ್ಬರಿಂದಲಾದರೂ ಓದಿಸಿ. ಕೋರ್ಸಿನ ಹೆಸರು, ಅವಧಿ, ಮಾಧ್ಯಮ, ಇಂಟರ್ನ್‌ಷಿಪ್, ಇಡೀ ಕೋರ್ಸಿನ ಶುಲ್ಕ ಇವು ಅದರಲ್ಲಿ ಬರಹದಲ್ಲಿರಬೇಕು. ಬಾಯಿಮಾತಿನ ಭರವಸೆಗೆ ರಸೀದಿಯಿಲ್ಲ.

ಬೇರೆ ಕೋರ್ಸುಗಳು

ಎಂಜಿನಿಯರಿಂಗ್ ಅಥವಾ ವಿಜ್ಞಾನ ಪದವಿಗೆ ಜರ್ಮನಿಯ ಹೆಸರು ಹೆಚ್ಚಾಗಿ ಕೇಳಿಬರುತ್ತದೆ. ಅಲ್ಲಿನ ಬಹುತೇಕ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ ಎಂಬುದು ನಿಜ. ಬಾಡೆನ್-ವುರ್ಟೆಂಬರ್ಗ್ ರಾಜ್ಯ ಮಾತ್ರ 2017ರಿಂದ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೋ ವಿಧಿಸುತ್ತಿದೆ. ಆದರೆ ನಮ್ಮ ಹನ್ನೆರಡನೆಯ ತರಗತಿಯ ಅಂಕಪಟ್ಟಿಯೊಂದರಿಂದಲೇ ಅಲ್ಲಿ ನೇರ ಪ್ರವೇಶ ಸಾಮಾನ್ಯವಾಗಿ ದೊರೆಯದು. ಜೆಇಇ ಅಡ್ವಾನ್ಸ್ಡ್ ಉತ್ತೀರ್ಣರಾಗಿರಬೇಕು, ಇಲ್ಲವೇ ಭಾರತದಲ್ಲಿ ಪದವಿಯ ಒಂದು ವರ್ಷ ಮುಗಿಸಿರಬೇಕು. ಜೆಇಇ ಅಡ್ವಾನ್ಸ್ಡ್ ಗೆದ್ದ ಮಗುವಿಗೆ ಬದಲಿ ದಾರಿಯ ಅಗತ್ಯವೆಷ್ಟು ಎಂದು ನಮಗೆ ನಗು ಬರುತ್ತದೆ. ಇದರ ಜೊತೆಗೆ ಎಪಿಎಸ್ ಎಂಬ ದಾಖಲೆ ಪರಿಶೀಲನಾ ಪ್ರಮಾಣಪತ್ರವನ್ನು 2022ರ ನವೆಂಬರಿನಿಂದ ಕಡ್ಡಾಯ ಮಾಡಲಾಗಿದೆ. ವೀಸಾಕ್ಕೆ ಒಂದು ವರ್ಷದ ಜೀವನವೆಚ್ಚವನ್ನು ನಿರ್ಬಂಧಿತ ಖಾತೆಯಲ್ಲಿ ಇಡಬೇಕು, 2024ರ ಸೆಪ್ಟೆಂಬರಿನಿಂದ ಆ ಮೊತ್ತ 11,904 ಯೂರೋ. ಹತ್ತು ಲಕ್ಷ ರೂಪಾಯಿ ದಾಟುತ್ತದೆ. ಶುಲ್ಕವಿಲ್ಲ ಎಂಬ ಮಾತು ಕೇಳಿ ಹೊರಟವರು ಇಲ್ಲಿ ನಿಲ್ಲುತ್ತಾರೆ.

ಇಂಗ್ಲಿಷ್ ಪರೀಕ್ಷೆಯ ಬಗ್ಗೆ ಕನ್ನಡ ಮಾಧ್ಯಮದವರಿಗೆ ವಿಶೇಷವಾಗಿ ಹೇಳಬೇಕು. ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವರಿಗೆ ಕೆಲವು ವಿಶ್ವವಿದ್ಯಾಲಯಗಳು ಮಾಧ್ಯಮ ಪ್ರಮಾಣಪತ್ರದ ಮೇಲೆ ವಿನಾಯಿತಿ ಕೊಡುತ್ತವೆ. ನಮ್ಮ ಶಾಲೆಯ ಮಾಧ್ಯಮ ಪ್ರಮಾಣಪತ್ರದಲ್ಲಿ ಕನ್ನಡ ಎಂದಿರುತ್ತದೆ, ಇರಬೇಕು ಕೂಡ. ಆದ್ದರಿಂದ ಐಇಎಲ್‌ಟಿಎಸ್ ಅಥವಾ ಟೋಫೆಲ್ ಬರೆಯಲೇಬೇಕು. ಐಇಎಲ್‌ಟಿಎಸ್ ಶುಲ್ಕವೇ 17 ಸಾವಿರ ದಾಟಿದೆ, ಫಲಿತಾಂಶ ಎರಡು ವರ್ಷ ಮಾನ್ಯ. ಮಗುವಿನ ಬುದ್ಧಿಗೂ ಈ ಪರೀಕ್ಷೆಯ ಅಂಕಕ್ಕೂ ಸಂಬಂಧವಿಲ್ಲ, ಅದು ಅಭ್ಯಾಸದ ಮಾತು. ಕನ್ನಡದಲ್ಲಿ ಚೆನ್ನಾಗಿ ಪ್ರಬಂಧ ಬರೆಯುವ ಮಗು ಒಂದು ವರ್ಷದ ಅಭ್ಯಾಸದಲ್ಲಿ ಇಂಗ್ಲಿಷಿನಲ್ಲಿಯೂ ಬರೆಯಬಲ್ಲದು. ತರಗತಿಯಲ್ಲಿ ನಾವು ಇದನ್ನು ಕಂಡಿದ್ದೇವೆ.

ನೆರವಿನ ಯೋಜನೆಗಳು

ತೆಲಂಗಾಣದಲ್ಲಿ ಹೊರದೇಶದ ಶಿಕ್ಷಣಕ್ಕೆ ಮೂರು ದೊಡ್ಡ ಯೋಜನೆಗಳಿವೆ: ಪರಿಶಿಷ್ಟರಿಗೆ ಅಂಬೇಡ್ಕರ್ ವಿದೇಶಿ ವಿದ್ಯಾನಿಧಿ, ಹಿಂದುಳಿದ ವರ್ಗಗಳಿಗೆ ಮಹಾತ್ಮ ಜ್ಯೋತಿಬಾ ಫುಲೆ ವಿದೇಶಿ ವಿದ್ಯಾನಿಧಿ, ಅಲ್ಪಸಂಖ್ಯಾತರಿಗೆ ಮುಖ್ಯಮಂತ್ರಿಗಳ ವಿದೇಶಿ ವಿದ್ಯಾರ್ಥಿವೇತನ. ನೆರವು 20 ಲಕ್ಷ ರೂಪಾಯಿವರೆಗೆ, ಕುಟುಂಬದ ವಾರ್ಷಿಕ ಆದಾಯದ ಮಿತಿ 5 ಲಕ್ಷ. ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ನಾವು ಪದೇ ಪದೇ ಕಾಣುತ್ತೇವೆ. ಮೊದಲನೆಯದಾಗಿ, ಇವು ಪದವಿಯ ನಂತರದ ವ್ಯಾಸಂಗಕ್ಕೆ. ಇಂಟರ್ಮೀಡಿಯೆಟ್ ಮುಗಿಸಿ ಎಂಬಿಬಿಎಸ್‌ಗೋ ಬಿಟೆಕ್‌ಗೋ ಹೋಗುವವರಿಗಲ್ಲ. ಎರಡನೆಯದಾಗಿ, ಮೂರನೆಯ ಯೋಜನೆಯ 'ಅಲ್ಪಸಂಖ್ಯಾತ' ಎಂಬ ಪದ ಧಾರ್ಮಿಕ ಅಲ್ಪಸಂಖ್ಯಾತರನ್ನು ಕುರಿತದ್ದು. ಸಂವಿಧಾನದ 350ಎ ಮತ್ತು 350ಬಿ ವಿಧಿಗಳು ಭಾಷಾ ಅಲ್ಪಸಂಖ್ಯಾತರನ್ನು ಗುರುತಿಸಿವೆ, ಆದರೆ ಆ ಗುರುತಿನಿಂದ ಈ ಹಣ ದೊರೆಯುವುದಿಲ್ಲ. ಭಾಷಾ ಅಲ್ಪಸಂಖ್ಯಾತ ಎಂಬ ಕಾರಣಕ್ಕೆ ಅರ್ಜಿ ಹಾಕಿದರೆ ಅದು ತಿರಸ್ಕೃತವಾಗುತ್ತದೆ. ಕನ್ನಡ ಕುಟುಂಬಗಳು ತಮ್ಮ ಜಾತಿ ಪ್ರಮಾಣಪತ್ರಕ್ಕೆ ಅನುಗುಣವಾದ ಯೋಜನೆಗೇ ಹೋಗಬೇಕು. ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ಪರಿಶಿಷ್ಟ ಜಾತಿಗಳ ಜೊತೆ ಭೂರಹಿತ ಕೃಷಿ ಕಾರ್ಮಿಕರಿಗೂ ಸಾಂಪ್ರದಾಯಿಕ ಕುಶಲಕರ್ಮಿಗಳಿಗೂ ಅವಕಾಶವಿದೆ, ಅದೂ ಸ್ನಾತಕೋತ್ತರ ಮತ್ತು ಪಿಎಚ್‌ಡಿಗೆ.

ಆದ್ದರಿಂದ ಹಣವಿಲ್ಲದ ಮನೆಗೆ ನಮ್ಮ ಸಲಹೆ ಸ್ಪಷ್ಟ: ಪದವಿಯನ್ನು ಇಲ್ಲಿ ಮುಗಿಸಿ, ಶೇಕಡ 60ಕ್ಕೂ ಮೇಲೆ ಅಂಕ ಉಳಿಸಿಕೊಂಡು, ಸ್ನಾತಕೋತ್ತರಕ್ಕೆ ಹೊರದೇಶ ನೋಡಿ. ಸರ್ಕಾರದ ಹಣ ಆಗ ದೊರೆಯುತ್ತದೆ.

ಬ್ಯಾಂಕ್ ಸಾಲದಲ್ಲಿ ಸಾಮಾನ್ಯವಾಗಿ ಏಳೂವರೆ ಲಕ್ಷ ದಾಟಿದರೆ ಅಡಮಾನ ಕೇಳುತ್ತಾರೆ, ಹೊರದೇಶದ ವೆಚ್ಚದಲ್ಲಿ ಶೇಕಡ 15 ಭಾಗ ಕುಟುಂಬವೇ ಹಾಕಬೇಕು. ಕೃಷಿಭೂಮಿಯನ್ನು ಅನೇಕ ಬ್ಯಾಂಕುಗಳು ಈ ಸಾಲಕ್ಕೆ ಅಡಮಾನವಾಗಿ ಒಪ್ಪುವುದಿಲ್ಲ. ಆಗ ಖಾಸಗಿ ಬಡ್ಡಿಗೆ ಕೈಚಾಚುತ್ತಾರೆ. ಹೊಲ ಮಾರಿ ಕಳುಹಿಸಿದ ಮಗು ಎಫ್‌ಎಂಜಿಇ ಕೋಚಿಂಗಿಗೆಂದು ಹೈದರಾಬಾದಿನ ಬಾಡಿಗೆ ಕೋಣೆಯಲ್ಲಿ ವರ್ಷಗಟ್ಟಲೆ ಕುಳಿತಿರುವುದನ್ನು ನಾವು ಬಲ್ಲೆವು.

ಹತ್ತಿರದ ಬದಲಿ ದಾರಿ

ಎರಡನೆಯ ಆಯ್ಕೆ ಎಂದರೆ ಹೊರದೇಶವೇ ಆಗಬೇಕಿಲ್ಲ. ಕೇಂದ್ರೀಯ ವಿಶ್ವವಿದ್ಯಾಲಯಗಳ ಪ್ರವೇಶಕ್ಕೆ 2022ರಿಂದ ಸಿಯುಇಟಿ ಎಂಬ ಒಂದೇ ಪರೀಕ್ಷೆ ಇದೆ. ಕನ್ನಡವೂ ಸೇರಿ 13 ಭಾಷೆಗಳಲ್ಲಿ ಅದನ್ನು ಬರೆಯಬಹುದು. ಗಡಿಯ ಯಾವ ಬದಿಯಲ್ಲಿ ಪಿಯುಸಿ ಓದಿದ್ದೀರಿ ಎಂಬ ಪ್ರಶ್ನೆ ಅಲ್ಲಿ ಅಡ್ಡಬಾರದು. ಕಲಬುರಗಿ ಜಿಲ್ಲೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ 2009ರಲ್ಲಿ ಸ್ಥಾಪನೆಯಾದದ್ದು, ನಮ್ಮ ಊರುಗಳಿಂದ ಒಂದು ದಿನದ ಬಸ್ ಪ್ರಯಾಣದೊಳಗಿದೆ. ಮೇಲೆ ಹೇಳಿದ ಮೂರನೆಯ ಗುಂಪಿನ ಮಕ್ಕಳಿಗೆ ಇದು ನಿಜವಾದ ಬದಲಿ ದಾರಿ. ಶಿಕ್ಷಕರಾಗಬೇಕೆನ್ನುವವರಿಗೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆ ದಕ್ಷಿಣದ ಎಲ್ಲ ರಾಜ್ಯಗಳ ಮಕ್ಕಳಿಗಾಗಿಯೇ ಇದೆ. ನಮ್ಮ ಶಾಲೆಗಳಿಗೆ ಕನ್ನಡ ಶಿಕ್ಷಕರು ಎಲ್ಲಿಂದ ಬರಬೇಕು ಎಂಬುದನ್ನೂ ಪೋಷಕರು ಈ ಸಂದರ್ಭದಲ್ಲಿ ಯೋಚಿಸಲಿ ಎಂಬುದು ನಮ್ಮ ಸ್ವಾರ್ಥ.

ಕಾಗದಪತ್ರಗಳು

ಎಲ್ಲ ಯೋಚಿಸಿ ಹೊರದೇಶಕ್ಕೇ ಅರ್ಜಿ ಹಾಕುವುದಾದರೆ ಹೆಸರಿನಿಂದ ಆರಂಭಿಸಿ. ತೆಲಂಗಾಣದ ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ, ಕರ್ನಾಟಕದ ಪಿಯುಸಿ ಅಂಕಪಟ್ಟಿಯಲ್ಲಿ ಕೊನೆಗೆ ಬರಬಹುದು ಅಥವಾ ಒಂದೇ ಅಕ್ಷರವಾಗಿ ಮೊಟಕಾಗಬಹುದು. ಆಧಾರ್‌ನಲ್ಲಿ ಮೂರನೆಯ ರೂಪ. ಪಾಸ್‌ಪೋರ್ಟ್ ಮಾಡಿಸುವ ಮೊದಲೇ ಇವೆಲ್ಲ ಒಂದಾಗಬೇಕು. ಹತ್ತನೆಯ ತರಗತಿಯ ನಾಮಿನಲ್ ರೋಲ್ ಕಳುಹಿಸುವಾಗ ಶಾಲೆಗೆ ಬಂದು ಮಗುವಿನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಒಮ್ಮೆ ನೋಡಿ ಹೋಗಿ. ಐದು ನಿಮಿಷದ ಕೆಲಸ, ಆಮೇಲೆ ತಿದ್ದಿಸಲು ತಿಂಗಳುಗಳು ಬೇಕು. ವಿಳಾಸದಲ್ಲಿ ಪಿನ್‌ಕೋಡ್ ಮತ್ತು ಜಿಲ್ಲೆಯನ್ನು ತಪ್ಪದೆ ಬರೆಯಿರಿ. ಸಿದ್ದಿಪೇಟೆ ಜಿಲ್ಲೆಯಲ್ಲಿ ಇನ್ನೊಂದು ದೌಲತಾಬಾದ್ ಇದೆ, ಮಹಾರಾಷ್ಟ್ರದಲ್ಲಿ ಕೋಟೆಯ ದೌಲತಾಬಾದ್ ಇದೆ, ಹಿಂದಿನ ದಾಖಲೆಗಳಲ್ಲಿ ನಮ್ಮದು ಮಹಬೂಬನಗರ ಜಿಲ್ಲೆ ಎಂದಿದೆ. ಅಂಕಪಟ್ಟಿಗಳಿಗೆ ಅಪೋಸ್ಟಿಲ್ ಮುದ್ರೆ ಕೇಳುವ ದೇಶಗಳಿವೆ. ಅದಕ್ಕೆ ಮೊದಲು ರಾಜ್ಯ ಮಟ್ಟದ ದೃಢೀಕರಣ, ಬಳಿಕ ವಿದೇಶಾಂಗ ಸಚಿವಾಲಯದ ಮುದ್ರೆ. ಹತ್ತನೆಯದು ತೆಲಂಗಾಣದ್ದು, ಹನ್ನೆರಡನೆಯದು ಕರ್ನಾಟಕದ್ದು ಆಗಿದ್ದರೆ ಎರಡು ರಾಜಧಾನಿಗಳ ದೃಢೀಕರಣ ಬೇಕಾಗುತ್ತದೆ. ಅದಕ್ಕೂ ಸಮಯ ಇಟ್ಟುಕೊಳ್ಳಿ.

ಹತ್ತನೆಯ ತರಗತಿಯ ಪೋಷಕರು ಈ ವರ್ಷ ವರ್ಗಾವಣೆ ಪತ್ರ ಪಡೆಯಲು ಬರುವಾಗ ತಾಯಿಯ ಶಾಲಾ ದಾಖಲೆಯ ಪ್ರತಿಯೊಂದನ್ನೂ ತರಲಿ. ಗಡಿಯ ಯಾವ ಬದಿಗೆ ಕಳುಹಿಸುವುದು ಲೇಸೆಂದು ಅದನ್ನು ಮುಂದಿಟ್ಟುಕೊಂಡು ಶಾಲೆಯಲ್ಲಿಯೇ ಕುಳಿತು ನೋಡೋಣ.